ಹಳೆ ಪಿಎಸ್‌ಪಿ ತಗೊಂಡು ರೆಟ್ರೋ ಗೇಮ್ ಆಡುವ ಆಸೆನಾ? ಮೊದಲು ಬ್ಯಾಟರಿ ಗೂಡು ನೋಡಿ

ಕುಶಾಲನಗರದಲ್ಲಿ ಮೊಬೈಲ್, ಟಿವಿ ಬೋರ್ಡ್ ರಿಪೇರಿ ಮಾಡುವುದು ನನ್ನ ಕೆಲಸ. ಹಳೆ ಗೇಮ್ ಕನ್ಸೋಲ್ ಬಿಚ್ಚುವುದು ಹುಚ್ಚು. ಈ ವಾರ ಪಿಎಸ್‌ಪಿ (ಸೋನಿ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಸೆಟ್ಟು) ಬಗ್ಗೆ ಏನಿದ್ದರೂ ಕೇಳಿ ಅಂತ ಗ್ರೂಪಿನಲ್ಲಿ ಹೇಳಿದ್ದೆ. ಬಂದ ಪ್ರಶ್ನೆಗಳಿಗೆ ಇಲ್ಲೇ ಉತ್ತರ ಹಾಕುತ್ತಿದ್ದೇನೆ.

ಪ್ರಶ್ನೆ (ಸುಂಟಿಕೊಪ್ಪದಿಂದ): ಅಣ್ಣಾ, ಚಿಕ್ಕವನಿದ್ದಾಗ ದೊಡ್ಡಪ್ಪನ ಮಗನ ಹತ್ತಿರ ಪಿಎಸ್‌ಪಿ ಇತ್ತು, ಮುಟ್ಟಲೂ ಬಿಡುತ್ತಿರಲಿಲ್ಲ. ಈಗ ಸಂಬಳ ಬರುತ್ತಿದೆ, ಆಸೆ ತೀರಿಸಿಕೊಳ್ಳೋಣ ಅಂತ. ಮಡಿಕೇರಿಯಲ್ಲಿ ಒಬ್ಬರು 3000 ಮಾಡೆಲ್‌ಗೆ 5,500 ಹೇಳುತ್ತಿದ್ದಾರೆ, "ಫುಲ್ ಮಾಡ್ ಆಗಿದೆ, 500 ಗೇಮ್ ಇದೆ" ಅಂತಾರೆ. ಮೈಸೂರಿನಲ್ಲಿ ಇನ್ನೊಬ್ಬರದು 1000 ಮಾಡೆಲ್, 3,000 ರೂಪಾಯಿ, ಮಾಡ್ ಆಗಿಲ್ಲ. ಗೇಮ್‌ಬಾಯ್, ಸೂಪರ್ ನಿಂಟೆಂಡೋ, ಪ್ಲೇಸ್ಟೇಷನ್ ಒಂದು, ಇಷ್ಟು ಆಡಿದರೆ ಸಾಕು. ಯಾವುದು ತಗೊಳ್ಳಲಿ?

ಉತ್ತರ: ಆ 500 ಗೇಮ್ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಅದು ಕಾರ್ಡಿನಲ್ಲಿರುವ ಫೈಲು, ಅಷ್ಟೇ. ಮಾಡ್ ಅಂದರೆ ಬೇರೆ ಪ್ರೋಗ್ರಾಂಗಳೂ ಓಡುವ ಹಾಗೆ ಸೆಟ್ಟಿನ ಸಾಫ್ಟ್‌ವೇರ್ ಬದಲಿಸುವುದು, ಅದೂ ಅರ್ಧ ಗಂಟೆ ಕೆಲಸ, ಖರ್ಚಿಲ್ಲ, ನೀವೇ ಮಾಡಿಕೊಳ್ಳಬಹುದು. ದುಡ್ಡು ಕೊಡಬೇಕಾದ್ದು ಸೆಟ್ಟಿನ ಮೈ ಹೇಗಿದೆ ಅನ್ನುವುದಕ್ಕೆ. ನಮ್ಮ ಕಡೆ ಮಳೆ, ಶೀತ ಎರಡೂ ಜಾಸ್ತಿ, ಹಾಗಾಗಿ ನನ್ನ ಹತ್ತಿರ ಬರುವ ಪಿಎಸ್‌ಪಿಗಳಲ್ಲಿ ಆಡಿ ಆಡಿ ಕೆಟ್ಟಿದ್ದಕ್ಕಿಂತ ಆಡದೆ ಬೀರುವಿನಲ್ಲಿಟ್ಟು ಕೆಟ್ಟಿದ್ದೇ ಹೆಚ್ಚು.

ಮಾಡೆಲ್ ವಿಷಯ ಹೇಳಿಬಿಡುತ್ತೇನೆ. 1000 ಜಪಾನಿನಲ್ಲಿ 2004ರ ಡಿಸೆಂಬರ್‌ನಲ್ಲಿ ಬಂತು. ದಪ್ಪ, ಕೈಗೆ ಗಟ್ಟಿ, ಆದರೆ ರ‍್ಯಾಮ್ 32 ಎಂಬಿ, ಯುಎಸ್‌ಬಿಯಲ್ಲಿ ಚಾರ್ಜ್ ಆಗಲ್ಲ. 2007ರ 2000 ಮಾಡೆಲ್‌ನಲ್ಲಿ ರ‍್ಯಾಮ್ 64 ಎಂಬಿ ಆಯಿತು, ಮೈ ತೆಳ್ಳಗಾಯಿತು, ಯುಎಸ್‌ಬಿ ಚಾರ್ಜೂ ಬಂತು. ಗೇಮ್‌ಬಾಯ್ ಅಡ್ವಾನ್ಸ್ ಆಡುವವರಿಗೆ ಈ ರ‍್ಯಾಮ್ ಮುಖ್ಯ. ಅದರ ದೊಡ್ಡ ಗೇಮ್‌ಗಳು 32 ಎಂಬಿ ತನಕ ಇವೆ. 1000ದಲ್ಲಿ ಪೂರ್ತಿ ಗೇಮ್ ರ‍್ಯಾಮಿಗೆ ಹಿಡಿಸುವುದಿಲ್ಲ, ಎಮ್ಯುಲೇಟರ್ (ಬೇರೆ ಕನ್ಸೋಲಿನ ಗೇಮ್ ಇದರಲ್ಲಿ ಓಡಿಸುವ ಪ್ರೋಗ್ರಾಂ) ಆಗಾಗ ಕಾರ್ಡಿನಿಂದ ಎಳೆದುಕೊಳ್ಳಬೇಕು, ನಡುವೆ ಒಂದೊಂದು ಸಲ ತಡವರಿಸುತ್ತದೆ. 2008ರಲ್ಲಿ ಬಂದ 3000ದಲ್ಲೂ ರ‍್ಯಾಮ್ ಅಷ್ಟೇ, ಬಣ್ಣ ಚೆನ್ನ, ಮೈಕ್ ಇದೆ, ಆದರೆ ವೇಗದ ಗೇಮ್‌ಗಳಲ್ಲಿ ಪರದೆ ಮೇಲೆ ಸಣ್ಣ ಅಡ್ಡ ಗೆರೆ ಕಾಣುತ್ತದೆ. ಕೆಲವರಿಗೆ ಕಾಣುವುದೇ ಇಲ್ಲ. ನನಗೆ ಒಮ್ಮೆ ಕಂಡಿದ್ದು ಆಮೇಲೆ ಹೋಗಲೇ ಇಲ್ಲ, ಅದಕ್ಕೆ ನನ್ನ ಓಟು 2000ಕ್ಕೆ. ಇ1000 ಅಂತ ಇನ್ನೊಂದಿದೆ, ವೈಫೈ ಇಲ್ಲ, ಸ್ಪೀಕರ್ ಒಂದೇ. ಗೋ ಮಾಡೆಲ್‌ಗೆ ಡಿಸ್ಕೇ ಇಲ್ಲ, ಬ್ಯಾಟರಿ ಒಳಗೇ ಕೂತಿರುತ್ತದೆ. ಇವೆರಡು ಬೇಡ.

ಹಾಗಾಗಿ ನಿಮಗೆ ಸಿಗುತ್ತಿರುವ ಎರಡರಲ್ಲಿ ಮೈಸೂರಿನ 1000 ಬಿಡಿ, ಮಡಿಕೇರಿಯ 3000 ಹೋಗಿ ನೋಡಿ. ಹೋದ ತಕ್ಷಣ ಆನ್ ಮಾಡಬೇಡಿ. ಮೊದಲು ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಹೊರಗೆ ತೆಗೆಯಿರಿ. ಅದನ್ನು ಗಾಜಿನ ಟೀಪಾಯಿ ಮೇಲೆ ಅಂಗಾತ ಇಟ್ಟು ಬೆರಳಲ್ಲಿ ಒಂದು ಸುತ್ತು ತಿರುಗಿಸಿ. ಚಪ್ಪಟೆ ಇದ್ದರೆ ಅಲ್ಲೇ ನಿಲ್ಲುತ್ತದೆ. ಬುಗುರಿ ಹಾಗೆ ತಿರುಗಿದರೆ ಹೊಟ್ಟೆ ಉಬ್ಬಿದೆ ಅಂತ ಅರ್ಥ. ಆಮೇಲೆ ಟಾರ್ಚ್ ಹಾಕಿ ಗೂಡಿನೊಳಗಿನ ಲೋಹದ ಕಡ್ಡಿಗಳನ್ನು ನೋಡಿ. ಹಸಿರು ಕಿಲುಬು ಕಂಡರೆ ಬೋರ್ಡಿಗೂ ಹಿಡಿದಿರುತ್ತದೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಬ್ಯಾಟರಿ ಉಬ್ಬಿದ್ದರೆ ಚಿಂತೆ ಇಲ್ಲ, ಚೌಕಾಸಿಗೆ ಕಾರಣ ಸಿಕ್ಕಿತು.

ಕೊನೆಗೆ ಆನ್ ಮಾಡಿ (ಬ್ಯಾಟರಿ ಉಬ್ಬಿದ್ದರೆ ಅದನ್ನು ಹಾಕದೆ, ನೇರ ಚಾರ್ಜರಿನಲ್ಲಿ) ಇಂಟರ್‌ನೆಟ್ ಬ್ರೌಸರ್ ತೆರೆಯಿರಿ, ವೈಫೈ ಬೇಕಾಗಿಲ್ಲ. ಅದರಲ್ಲಿ ಬಾಣದ ಗುರುತು ಎಡಗಡೆ ಬೆರಳಲ್ಲಿ ಜಾರಿಸುವ ಗುಂಡಿ ಕಡ್ಡಿಯಿಂದ (ಅನಲಾಗ್ ಸ್ಟಿಕ್) ಓಡಾಡುತ್ತದೆ. ಕೈ ಬಿಟ್ಟ ಮೇಲೂ ಬಾಣ ತಾನಾಗಿ ಜಾರುತ್ತಿದ್ದರೆ ಕಡ್ಡಿ ಕ್ಲೀನ್ ಮಾಡಬೇಕು ಅಥವಾ ಬದಲಿಸಬೇಕು. ಮೇನ್ ಮೆನುವಿನಲ್ಲಿ ಇದು ಗೊತ್ತಾಗಲ್ಲ, ಮಾರುವವರು ಅಲ್ಲೇ ತೋರಿಸಿ ಮುಗಿಸುತ್ತಾರೆ.

ಪ್ರಶ್ನೆ (ವಿರಾಜಪೇಟೆಯಿಂದ): ಮಗ ಈಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಅವನ ಹಳೆ ಪಿಎಸ್‌ಪಿ ಎಂಟು ವರ್ಷದಿಂದ ಬೀರುವಿನಲ್ಲೇ ಇದೆ. ಹಿಂದಿನ ಮುಚ್ಚಳ ತಾನಾಗಿ ಎದ್ದಿದೆ, ಪೌಚಿನ ಮೇಲೆಲ್ಲ ಬೂಷ್ಟು. ಪುತ್ತರಿ ಹಬ್ಬಕ್ಕೆ ಬರುತ್ತಾನೆ, ಅಷ್ಟರೊಳಗೆ ಸರಿ ಮಾಡಿಸಿಡೋಣ ಅಂತ ಆಸೆ. ಚಾರ್ಜಿಗೆ ಹಾಕಿ ನೋಡಲಾ?

ಉತ್ತರ: ಅಕ್ಕಾ, ದಯವಿಟ್ಟು ಚಾರ್ಜಿಗೆ ಹಾಕಬೇಡಿ. ಮುಚ್ಚಳ ಎತ್ತಿರುವುದು ಒಳಗಿನ ಬ್ಯಾಟರಿ. ಮೆಲ್ಲಗೆ ಮುಚ್ಚಳ ಜಾರಿಸಿ, ಬ್ಯಾಟರಿ ತೆಗೆದು, ಒಂದು ಸ್ಟೀಲ್ ಡಬ್ಬದಲ್ಲಿ ಹಾಕಿ ಮನೆ ಹೊರಗೆ ಮಳೆ ಬೀಳದ ಜಾಗದಲ್ಲಿಡಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಎಬ್ಬಬೇಡಿ, ತೂತಾದರೆ ಬೆಂಕಿ ಹೊತ್ತಿಕೊಳ್ಳಬಹುದು.

ಸೆಟ್ಟು ಉಳಿಯುವ ಸಾಧ್ಯತೆ ಚೆನ್ನಾಗಿದೆ. ಬೂಷ್ಟು ನೋಡಿ ಹೆದರಬೇಡಿ, ಪೌಚ್ ಎಸೆದುಬಿಡಿ. ಒಳಗೆ ಪರದೆಯ ರಿಬ್ಬನ್ ಕೇಬಲ್, ಕಡ್ಡಿಯ ಕೆಳಗಿನ ರಬ್ಬರ್, ಬಟನ್ ಕೆಳಗಿನ ಹಾಳೆ, ಇವಿಷ್ಟರಲ್ಲಿ ತೇವ ಕೂತಿರುತ್ತದೆ. ಆ ರಬ್ಬರ್ ಬಗ್ಗೆ ಹೇಳಲೇಬೇಕು. ಕಡ್ಡಿಯನ್ನು ಬೋರ್ಡಿಗೆ ಬೆಸುಗೆ ಹಾಕಿರುವುದಿಲ್ಲ. ಉಗುರಿಗಿಂತ ಸಣ್ಣದೊಂದು ಕಪ್ಪು ರಬ್ಬರ್ ತುಂಡು, ಅದರ ಮೂಲಕವೇ ಕರೆಂಟು ಹಾಯುತ್ತದೆ, ಸುಮ್ನೆ ಒತ್ತಿಕೊಂಡು ಕೂತಿರುತ್ತದೆ. ಎರಡೂ ಕಡೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದರೆ ಎಷ್ಟೋ ಸಲ "ಕಡ್ಡಿ ಹೋಗಿದೆ" ಅಂದಿದ್ದು ವಾಪಸ್ ಬರುತ್ತದೆ.

ಬ್ಯಾಟರಿ ಇಲ್ಲದೆಯೂ ಪಿಎಸ್‌ಪಿ ನೇರ ಚಾರ್ಜರಿನಲ್ಲಿ ಆನ್ ಆಗುತ್ತದೆ. ಆದರೆ ಬಿಚ್ಚಿ ಒರೆಸುವ ಮುಂಚೆ ಅದನ್ನೂ ಮಾಡಬೇಡಿ. ಚಾರ್ಜರ್ 5 ವೋಲ್ಟಿನದ್ದೇ ಆಗಿರಬೇಕು. ಪಿನ್ ಹಿಡಿಯಿತು ಅಂತ ಸೆಟ್‌ಟಾಪ್ ಬಾಕ್ಸಿನದನ್ನು ಸಿಕ್ಕಿಸಿ ಫ್ಯೂಸ್ ಸುಟ್ಟುಕೊಂಡು ಬಂದವರಿದ್ದಾರೆ.

ನಡುವೆ ಒಬ್ಬರು (ನಾಪೋಕ್ಲಿನಿಂದ): ಅಕ್ಕಿ ಡಬ್ಬದಲ್ಲಿ ಎರಡು ದಿನ ಹೂತಿಟ್ಟರೆ ತೇವ ಎಳೆದುಕೊಳ್ಳುತ್ತೆ ಅಲ್ವಾ? ನಮ್ಮ ಮನೆಯಲ್ಲಿ ಮೊಬೈಲಿಗೆ ಅದೇ ಮಾಡೋದು.

ಉತ್ತರ: ಅಕ್ಕಿ ಅನ್ನಕ್ಕಿರಲಿ ಮಾರಾಯ್ರೇ. ಕಕ್ಕಡ ತಿಂಗಳ ಮಳೆಯಲ್ಲಿ ಅಕ್ಕಿಯೇ ಮೆತ್ತಗಾಗಿರುತ್ತದೆ, ಅದು ಬೇರೆಯದರ ತೇವ ಏನು ಎಳೆಯುತ್ತೆ? ಮೇಲಾಗಿ ಅಕ್ಕಿಯ ಹುಡಿ ಬಟನ್ ಸಂದಿಗೆ ಹೋಗಿ ಗಂಜಿಯಾಗುತ್ತದೆ. ಒಲೆ ಮೇಲಿನ ಅಟ್ಟವೂ ಬೇಡ, ಹೊಗೆಯ ಜಿಡ್ಡು ಡಿಸ್ಕ್ ಓದುವ ಲೆನ್ಸ್ ಮೇಲೆ ಕೂರುತ್ತದೆ. ಗಾಳಿಯಾಡದ ಊಟದ ಡಬ್ಬ, ಒಳಗೆ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ, ಬ್ಯಾಟರಿ ಬೇರೆ ತೆಗೆದಿಟ್ಟಿರಬೇಕು. ಮಳೆಗಾಲಕ್ಕೆ ಅಷ್ಟು ಸಾಕು.

ಪ್ರಶ್ನೆ (ಪೊನ್ನಂಪೇಟೆಯಿಂದ): ಸರ್, ನಾನು ಕಾಲೇಜು ಹುಡುಗ. ನನ್ನ ಹತ್ತಿರ 3000 ಇದೆ. ಮಾಡ್ ಮಾಡಿಕೊಡಲು ಒಂದು ಅಂಗಡಿಯಲ್ಲಿ 1,500 ಕೇಳಿದರು. ಮನೆಯಲ್ಲೇ ಮಾಡಿದರೆ ಸೆಟ್ಟು ಸತ್ತು ಹೋಗುತ್ತೆ ಅಂತಲೂ ಹೆದರಿಸಿದರು. ನಿಜನಾ?

ಉತ್ತರ: ತಮ್ಮಾ, ಫೈಲ್ ಕಾಪಿ ಮಾಡಲು ಬಂದರೆ ಇದೂ ಬರುತ್ತದೆ. ಸೆಟ್ಟಿಂಗ್ಸ್ ಒಳಗೆ ಸಿಸ್ಟಮ್ ಇನ್ಫರ್ಮೇಷನ್ ನೋಡು, ಸಾಫ್ಟ್‌ವೇರ್ ವರ್ಷನ್ 6.60 ಅಥವಾ 6.61 ಅಂತ ಇರಬೇಕು. 6.61 ಕಂಪನಿಯವರು ಕೊಟ್ಟ ಕೊನೆಯದು. ಹಳೆಯದಿದ್ದರೆ ಮೊದಲು ಅದಕ್ಕೆ ಅಪ್‌ಡೇಟ್ ಮಾಡು. ಆಮೇಲೆ ಆರ್ಕ್-4 ಅನ್ನುವ ಕಸ್ಟಮ್ ಫರ್ಮ್‌ವೇರ್ (ಕಂಪನಿಯದಲ್ಲದ, ಹೊರಗಿನವರು ಮಾಡಿದ ಸಿಸ್ಟಮ್ ಸಾಫ್ಟ್‌ವೇರ್) ಇಳಿಸಿಕೋ. ಪಿಎಸ್‌ಪಿಯನ್ನು ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಹಾಕಿ, ಅದರ ಒಂದು ಫೋಲ್ಡರ್ ಸೇವ್‌ಡೇಟಾ ಒಳಗೆ, ಲೋಡರ್ ಫೋಲ್ಡರ್ ಗೇಮ್ ಒಳಗೆ. ಮೆನುವಿನಿಂದ ಲೋಡರ್ ಓಡಿಸು, ಮುಗಿಯಿತು. ಈ ಲೋಡರ್ ದಾರಿಯಲ್ಲಿ, ಸ್ಲೀಪ್‌ಗೆ ಹಾಕಿದರೆ ಮಾಡ್ ಹಾಗೇ ಇರುತ್ತದೆ, ಪೂರ್ತಿ ಆಫ್ ಆದರೆ ಲೋಡರ್ ಮತ್ತೊಮ್ಮೆ ಓಡಿಸಬೇಕು. ಹತ್ತು ಸೆಕೆಂಡಿನ ಕೆಲಸ.

ಪರ್ಮನೆಂಟ್ ಮಾಡುವ ದಾರಿಯೂ ಇದೆ, ಹೆದರಿಸಿದ್ದು ಪೂರ್ತಿ ಸುಳ್ಳಲ್ಲ ಅನ್ನುವುದು ಅಲ್ಲೇ. ಆಗ ಸೆಟ್ಟಿನ ಒಳಗಿನ ಮೆಮೊರಿಗೆ ಬರೆಯುತ್ತದೆ. ಬರೆಯುವ ಹೊತ್ತಿಗೆ ಕರೆಂಟು ಕೈಕೊಟ್ಟರೆ ಸೆಟ್ಟು ಇಟ್ಟಿಗೆ. ಅಪ್‌ಡೇಟಿಗೂ ಇದೇ ಮಾತು. ಬ್ಯಾಟರಿ ಸತ್ತಿದ್ದರೆ ಅಪ್‌ಡೇಟ್ ಶುರು ಮಾಡಲು ಸೆಟ್ಟೇ ಒಪ್ಪುವುದಿಲ್ಲ, ಒಳ್ಳೆಯದೇ ಆಯಿತು ಬಿಡು. ನಮ್ಮಲ್ಲಿ ಒಂದು ಮರದ ಕೊಂಬೆ ಲೈನ್ ಮೇಲೆ ಬಿದ್ದರೆ ಎರಡು ದಿನ ಕತ್ತಲೆ, ಗೊತ್ತಲ್ಲ? ಬ್ಯಾಟರಿ ಫುಲ್ ಮಾಡಿ, ಚಾರ್ಜರೂ ಸಿಕ್ಕಿಸಿ, ಗುಡುಗು ಇಲ್ಲದ ದಿನ ಮಾಡು. ಮೊದಲ ತಿಂಗಳು ಲೋಡರಿನಲ್ಲೇ ಆಡು, ಪರ್ಮನೆಂಟಿಗೆ ಅವಸರ ಏನಿದೆ?

ಕಾರ್ಡಿಗೆ ಸೋನಿಯ ಹಳೆ ಮೆಮೊರಿ ಸ್ಟಿಕ್ ಹುಡುಕಬೇಡ. ಅದರ ಜಾಗದಲ್ಲಿ ಮೈಕ್ರೋ ಎಸ್‌ಡಿ ಹಾಕುವ ಪ್ರೊ ಡ್ಯುಯೊ ಅಡಾಪ್ಟರ್ ಸಿಗುತ್ತದೆ. 64 ಜಿಬಿ ಕಾರ್ಡನ್ನು ಹಾಗೇ ಹಾಕಿದರೆ ಓದುವುದಿಲ್ಲ, ಪಿಎಸ್‌ಪಿಯಲ್ಲೇ ಫಾರ್ಮ್ಯಾಟ್ ಮಾಡು.

ಅವರೇ ಮತ್ತೆ: ಥ್ಯಾಂಕ್ಸ್ ಸರ್, ಆಯಿತು! ಗೇಮ್‌ಬಾಯ್ ಅಡ್ವಾನ್ಸ್ ಆಡಿದೆ, ಆದರೆ ಚಿತ್ರ ಒಂಥರಾ ಮಸುಕು. ಮೊಬೈಲಿನಲ್ಲಿ ಇದಕ್ಕಿಂತ ಚೆನ್ನಾಗಿತ್ತು. ನಿಂಟೆಂಡೋ 64 ಕೂಡ ನಡೆಯುತ್ತಾ?

ಉತ್ತರ: ನಿಂಟೆಂಡೋ 64 ಆಸೆ ಬಿಡು. ತೆರೆದುಕೊಳ್ಳುತ್ತೆ, ಬಹುಪಾಲು ಗೇಮ್ ಸರಿಯಾಗಿ ಆಡಲು ಆಗಲ್ಲ.

ಮಸುಕಿಗೆ ಕಾರಣ ಲೆಕ್ಕ. ಪಿಎಸ್‌ಪಿ ಪರದೆ 480 ಇಂಟು 272 ಚುಕ್ಕೆ. ಅಡ್ವಾನ್ಸಿನದು 240 ಇಂಟು 160. ಅಗಲಕ್ಕೆ ಸರಿಯಾಗಿ ಎರಡು ಪಟ್ಟು, ಆದರೆ ಎತ್ತರಕ್ಕೆ ಎರಡು ಪಟ್ಟು ಅಂದರೆ 320 ಬೇಕು, ಇರುವುದು 272. ಹಾಗಾಗಿ 1.7 ಪಟ್ಟು ಎಳೆಯುತ್ತದೆ, ಒಂದು ಚುಕ್ಕೆ ಸುಮಾರು ಒಂದೂಮುಕ್ಕಾಲು ಚುಕ್ಕೆಯ ಜಾಗದಲ್ಲಿ ಕೂರಬೇಕು, ಅಂಚು ಕಲಸಿಹೋಗುತ್ತದೆ. ಎಮ್ಯುಲೇಟರ್ ಸೆಟ್ಟಿಂಗಿನಲ್ಲಿ ಎಳೆಯದೆ ಮೂಲ ಅಳತೆಗೆ ಇಟ್ಟರೆ ಚೂಪಾಗಿರುತ್ತದೆ, ಆದರೆ ಪುಟ್ಟದು, ನನ್ನ ಕಣ್ಣಿಗಂತೂ ಆಗಲ್ಲ. ಸೂಪರ್ ನಿಂಟೆಂಡೋ 256 ಇಂಟು 224, ಅದನ್ನು ಎಳೆಯದೆ ಇಟ್ಟರೂ ಪರದೆಯ ಎತ್ತರ ಬಹುಪಾಲು ತುಂಬುತ್ತದೆ, ನೋಡಲು ಚಂದ. ಸಿಪಿಯು 333 ಮೆಗಾಹರ್ಟ್ಸ್‌ಗೆ ಏರಿಸು, ಸೆಲೆಕ್ಟ್ ಒತ್ತಿದರೆ ಬರುವ ಮೆನುವಿನಲ್ಲಿದೆ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತೆ.

ಪಿಎಸ್‌ಪಿಯ ನಿಜವಾದ ಸುಖ ಪ್ಲೇಸ್ಟೇಷನ್ ಒಂದರ ಗೇಮ್‌ಗಳಲ್ಲಿದೆ. ಅದರ ಎಮ್ಯುಲೇಟರ್ ಕಂಪನಿಯವರೇ ಒಳಗೆ ಇಟ್ಟಿದ್ದಾರೆ, ನಿನ್ನ ಡಿಸ್ಕನ್ನು ಇಬೂಟ್ ಅನ್ನುವ, ಪಿಎಸ್‌ಪಿ ಓಡಿಸುವ ಫೈಲಾಗಿ ಬದಲಿಸಿಕೊಂಡರೆ ಆಯಿತು. ಎಲ್2, ಆರ್2 ಬಟನ್ ಮಾತ್ರ ಇಲ್ಲ, ಬೇರೆ ಬಟನ್‌ಗೆ ಹಚ್ಚಿಕೊಳ್ಳಬೇಕು.

ಪ್ರಶ್ನೆ (ಸೋಮವಾರಪೇಟೆಯಿಂದ): ಇದೆಲ್ಲ ಕಾನೂನಿಗೆ ಸರಿನಾ ಸರ್?

ಉತ್ತರ: ಎಮ್ಯುಲೇಟರ್ ಇಟ್ಟುಕೊಳ್ಳುವುದಕ್ಕೆ ತೊಂದರೆ ಇಲ್ಲ. ಇನ್ನೊಬ್ಬರ ಗೇಮ್ ಫೈಲ್ ಎಲ್ಲಿಂದಲೋ ಇಳಿಸುವುದು ಕಾಪಿರೈಟ್ ಕೇಸು, ಹಳೆಯದಾಯಿತು ಅಂತ ಹಕ್ಕು ಹೋಗಿರುವುದಿಲ್ಲ. ಲಿಂಕ್ ಕೇಳಿ ನನಗೆ ಮೆಸೇಜ್ ಹಾಕಬೇಡಿ. ನಿಮ್ಮ ಹತ್ತಿರ ಯುಎಂಡಿ (ಪಿಎಸ್‌ಪಿಯ ಪುಟ್ಟ ಗೇಮ್ ಡಿಸ್ಕ್) ಇದ್ದರೆ, ಮಾಡ್ ಆದ ಮೇಲೆ ಅದೇ ಸೆಲೆಕ್ಟ್ ಮೆನುವಿನಲ್ಲಿ ಯುಎಸ್‌ಬಿ ಡಿವೈಸ್ ಅನ್ನುವುದನ್ನು ಯುಎಂಡಿ ಅಂತ ಬದಲಿಸಿ ಕಂಪ್ಯೂಟರಿಗೆ ಹಾಕಿ. ಡಿಸ್ಕ್ ಐಎಸ್ಒ ಫೈಲಾಗಿ (ಪೂರ್ತಿ ಡಿಸ್ಕಿನ ನಕಲು) ಕಾಣುತ್ತದೆ, ಕಾಪಿ ಮಾಡಿಕೊಳ್ಳಿ. ಆಮೇಲೆ ಡಿಸ್ಕ್ ಡ್ರೈವ್ ಕರ್ರ್ ಅನ್ನುವ ಸದ್ದೂ ಇಲ್ಲ.

ಸುಂಟಿಕೊಪ್ಪದವರು ಮತ್ತೆ: ಅಣ್ಣಾ, ಹೋಗಿ ನೋಡಿಕೊಂಡು ಬಂದೆ. ಅವರ ಮನೆ ಟೀಪಾಯಿ ಮೇಲೆ ಬ್ಯಾಟರಿ ತಿರುಗಿಸಿದೆ, ಬುಗುರಿಯೇ! ಅವರ ಮುಖ ನೋಡಬೇಕಿತ್ತು. ಗೂಡು ಕ್ಲೀನ್ ಇತ್ತು, ಬಾಣ ಜಾರಲಿಲ್ಲ. 4,000ಕ್ಕೆ ಕೊಟ್ಟರು. ಹೊಸ ಬ್ಯಾಟರಿ ಆನ್‌ಲೈನ್ ತರಿಸಿದೆ, ಮೇಲೆ 3600 ಎಂಎಎಚ್ ಅಂತ ಇದೆ. ಒಳ್ಳೆಯದೇ ಅಲ್ವಾ?

ಉತ್ತರ: ಅಲ್ಲ, ವಾಪಸ್ ಕಳಿಸಿ. ನಿಮ್ಮ ಮಾಡೆಲಿನ ಒರಿಜಿನಲ್ ಬ್ಯಾಟರಿ ಎಸ್110, ಅದು 1200 ಎಂಎಎಚ್. ಕಂಪನಿಯವರೇ 2200ರದ್ದು ಒಂದು ಮಾಡಿದ್ದರು, ಅದು ದಪ್ಪ, ಅದಕ್ಕೆ ಉಬ್ಬಿದ ಬೇರೆ ಮುಚ್ಚಳ ಬೇಕಿತ್ತು. ಹಾಗಿರುವಾಗ ಅದೇ ತೆಳು ಗೂಡಿನಲ್ಲಿ 3600 ಹೇಗೆ ಕೂರುತ್ತೆ? ಬರೆಯಲು ಏನು, ಸ್ಟಿಕ್ಕರಿಗೆ ಖರ್ಚಿಲ್ಲ. 1200 ಅಂತ ನೇರವಾಗಿ ಬರೆದವರ ಹತ್ತಿರ ತಗೊಳ್ಳಿ.

ಆ ಹಳೆ ಬ್ಯಾಟರಿಯನ್ನು ತೋಟಕ್ಕೆ ಎಸೆಯಬೇಡಿ, ಈ ಕಡೆ ಬರುವಾಗ ಡಬ್ಬದಲ್ಲಿ ಹಾಕಿ ತನ್ನಿ, ಇ-ವೇಸ್ಟಿನವರಿಗೆ ನಾನು ಒಟ್ಟಿಗೆ ಕೊಡುತ್ತೇನೆ. ವಿರಾಜಪೇಟೆ ಅಕ್ಕ, ನಿಮ್ಮದೂ ಅಷ್ಟೇ. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಇರಲ್ಲ.