‘ವಲ್ನರಬಲ್’, ‘ಎಂಡೇಂಜರ್ಡ್’: ಎರಡಕ್ಕೂ ‘ಅಳಿವಿನಂಚು’ ಸಾಕೇ?

ಬಳಗದ ಹಿರಿಯರಿಗೆ ನಮಸ್ಕಾರ. ಚಿತ್ರದುರ್ಗದ ನಮ್ಮ ಪ್ರೌಢಶಾಲೆಯ ವಸ್ತುಪ್ರದರ್ಶನಕ್ಕೆ ಸಿಂಗಳೀಕವನ್ನೂ ಅಲೆಮಾರಿ ಆಲ್ಬಟ್ರಾಸ್ ಎಂಬ ಕಡಲಹಕ್ಕಿಯನ್ನೂ ಹೋಲಿಸುವ ಫಲಕವೊಂದು ಸಿದ್ಧವಾಗುತ್ತಿದ್ದು, ಫ್ಲೆಕ್ಸ್ ಅಂಗಡಿಯವರು ಸೋಮವಾರದೊಳಗೆ ಬರಹ ಕೇಳಿದ್ದಾರೆ. ವರ್ಗೀಕರಣಕ್ಕೆ ಪಠ್ಯಪುಸ್ತಕದ ವಂಶ, ವರ್ಗ, ಗಣ, ಕುಟುಂಬ, ಪ್ರಭೇದಗಳನ್ನೇ ಬಳಸಿದ್ದೇನೆ. ಎರಡೂ ಕಶೇರುಕಗಳಾದರೂ ವರ್ಗದ ಮಟ್ಟದಲ್ಲೇ ಸಸ್ತನಿ, ಪಕ್ಷಿ ಎಂದು ಬೇರೆಯಾಗುತ್ತವೆ. ತೊಡಕಿರುವುದು ಸಂರಕ್ಷಣಾ ಸ್ಥಿತಿಯ ಸಾಲಿನಲ್ಲಿ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್, ಜೀವಿಗಳ ಅಳಿವಿನ ಅಪಾಯವನ್ನು ದರ್ಜೆಗಳಲ್ಲಿ ತೋರಿಸುವ ತನ್ನ ಕೆಂಪು ಪಟ್ಟಿಯಲ್ಲಿ ಕೊಟ್ಟಿರುವ ದರ್ಜೆಯಂತೆ ಸಿಂಗಳೀಕ ‘ಎಂಡೇಂಜರ್ಡ್’, ಆಲ್ಬಟ್ರಾಸ್ ‘ವಲ್ನರಬಲ್’. ಪತ್ರಿಕೆಗಳಂತೆ ಎರಡಕ್ಕೂ ‘ಅಳಿವಿನಂಚಿನಲ್ಲಿರುವ’ ಎಂದರೆ ಹೋಲಿಕೆಯೇ ಉಳಿಯುವುದಿಲ್ಲ. ದಯವಿಟ್ಟು ತಿಳಿಸಿ.

ಉತ್ತರ 1:
ಒಂದು ಫಲಕದಲ್ಲಿ ಇಷ್ಟು ಸಂಸ್ಕೃತವೇಕೆ? ‘ಪಕ್ಷಿ’ ಬೇಡ, ‘ಹಕ್ಕಿ’ ಎನ್ನಿ. ‘ಅಪಾಯ’ ಬೇಡ, ‘ಕುತ್ತು’ ಎನ್ನಿ. ‘ವಲ್ನರಬಲ್’ಗೆ ‘ದುರ್ಬಲ’ ಎಂದು ಯಾರೂ ಸೂಚಿಸಬಾರದು. ಅದು ಚರ್ಚೆಗೂ ಯೋಗ್ಯವಲ್ಲ.

ಉತ್ತರ 2, ದಾವಣಗೆರೆಯಿಂದ:
‘ಹಕ್ಕಿ’ಯೇ ‘ಪಕ್ಷಿ’ಯ ತದ್ಭವವಾಗಿರುವಾಗ ಒಂದನ್ನು ಮನೆಯವರೆಂದೂ ಇನ್ನೊಂದನ್ನು ಹೊರಗಿನವರೆಂದೂ ಎಣಿಸುವುದಕ್ಕೆ ಆಧಾರವಿಲ್ಲ. ‘ಕುತ್ತು’ ನನಗೂ ಪ್ರಿಯವಾದ ಪದ. ಆದರೆ ಅದು ಥಟ್ಟನೆ ಬಂದೆರಗುವಂಥದ್ದು, ತಲೆಮಾರುಗಳ ಕುಸಿತಕ್ಕೆ ಹೊಂದುವುದಿಲ್ಲ. ‘ದುರ್ಬಲ’ ಕೂಡದೆಂಬುದನ್ನು ಮಾತ್ರ ಒಪ್ಪುತ್ತೇನೆ. ಚಾಚಿದ ರೆಕ್ಕೆ ಮೂರು ಮೀಟರನ್ನೂ ಮೀರಬಲ್ಲ ಹಕ್ಕಿಯ ಕೆಳಗೆ ಹಾಗೆ ಬರೆದರೆ ಮಕ್ಕಳು ಅದನ್ನು ಮೈಬಲದ ಮಾತೆಂದೇ ತಿಳಿಯುತ್ತಾರೆ. ಅದಕ್ಕೆ ಬಲದ ಕೊರತೆಯಿಲ್ಲ. ಮೀನುಗಾರಿಕೆ ಹಡಗುಗಳು ಬಿಡುವ ಉದ್ದನೆಯ ಗಾಳಗಳ ಎರೆಗೆ ಬಾಯಿ ಹಾಕಿ, ಕೊಕ್ಕೆಗೆ ಸಿಕ್ಕು ನೀರಿನೊಳಗೆ ಸೆಳೆಯಲ್ಪಟ್ಟು ಸಾಯುತ್ತದೆ, ಮತ್ತು ಸಾಮಾನ್ಯವಾಗಿ ಎರಡು ವರ್ಷಕ್ಕೊಂದೇ ಮೊಟ್ಟೆ ಇಡುವುದರಿಂದ ಆ ನಷ್ಟ ತುಂಬಿಬರುವುದಿಲ್ಲ.

ಕೆಂಪು ಪಟ್ಟಿಯ ಈ ಎರಡು ದರ್ಜೆಗಳೂ ಅವುಗಳ ಮೇಲಿನ ‘ಕ್ರಿಟಿಕಲಿ ಎಂಡೇಂಜರ್ಡ್’ ಎಂಬ ಮೂರನೆಯದೂ ಒಂದೇ ಅಪಾಯದ ಮೆಟ್ಟಿಲುಗಳು. ಅಲ್ಲಿನ ಮಾನದಂಡಗಳಲ್ಲೊಂದರ ಪ್ರಕಾರ, 10 ವರ್ಷ ಅಥವಾ ಮೂರು ತಲೆಮಾರು, ಇವುಗಳಲ್ಲಿ ದೀರ್ಘವಾದ ಅವಧಿಯಲ್ಲಿ ಸಂಖ್ಯೆ ಶೇ 30ರಷ್ಟು ಕುಸಿದರೆ ‘ವಲ್ನರಬಲ್’, ಶೇ 50ಕ್ಕೆ ‘ಎಂಡೇಂಜರ್ಡ್’, ಶೇ 80ಕ್ಕೆ ‘ಕ್ರಿಟಿಕಲಿ ಎಂಡೇಂಜರ್ಡ್’. ಆದುದರಿಂದ ಕನ್ನಡದಲ್ಲೂ ಏರಿಕೆ ಕಾಣಬೇಕು: ‘ಅಳಿವಿನ ಅಪಾಯದಲ್ಲಿರುವ’, ‘ಅಳಿವಿನ ತೀವ್ರ ಅಪಾಯದಲ್ಲಿರುವ’, ‘ಅಳಿವಿನಂಚಿನಲ್ಲಿರುವ’. ಅಂಚೆಂದರೆ ಮುಂದೆ ಹೆಜ್ಜೆಯಿಡಲು ನೆಲವಿಲ್ಲದ ಕಡೆ. ಸಿಂಗಳೀಕವನ್ನು ಈಗಲೇ ಅಲ್ಲಿ ನಿಲ್ಲಿಸಿದರೆ ಮೂರನೆಯ ದರ್ಜೆಗೆ ಪದವೇ ಉಳಿಯದು. ಫಲಕದಲ್ಲಿ ಆಲ್ಬಟ್ರಾಸ್‌ಗೆ ಮೊದಲನೆಯದನ್ನೂ ಸಿಂಗಳೀಕಕ್ಕೆ ಎರಡನೆಯದನ್ನೂ ಹಾಕಿ, ಮೂರೂ ದರ್ಜೆಗಳನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಕೊಡಿ.