ಕಪ್ಪು ಕನ್ಸೋಲ್ ವಿಂಡೋದಲ್ಲಿ ಕೆಂಪು ಬಣ್ಣದ ಬದಲು ಬಾಣದ ಗುರುತು ಬರುತ್ತಿದೆ, ಯಾರಾದರೂ ಹೇಳಿ

ಶಿರಸಿ_ಹುಡುಗ:
ತಲೆ ಕೆಟ್ಟುಹೋಗಿದೆ. ಸಿ ಪ್ರೋಗ್ರಾಮ್‌ನಲ್ಲಿ ಸ್ಟಾಕ್ ಕಡಿಮೆ ಇರುವ ಸಾಲುಗಳು ಕೆಂಪಾಗಿ ಕಾಣಬೇಕು, ಅಷ್ಟೇ. ಬಣ್ಣ ಬರುವುದೇ ಇಲ್ಲ. ಸಾಲಿನ ಮುಂದೆ ←[31ಎಮ್, ಕೊನೆಗೆ ←[0ಎಮ್ ಅಂತ ಕಸ ಬೀಳುತ್ತದೆ. ಕೋಡ್ ಸರಿಯಾಗಿಯೇ ಇದೆ. ನಾಳೆ ಅಂಗಡಿಯಲ್ಲಿ ತೋರಿಸಬೇಕು, ಬೇಗ ಹೇಳಿ.

ಬಿಟ್_ಬಸವ:
ವಿಂಡೋಸ್ ಅಲ್ವಾ? ಆ ಬಾಣ ನೋಡಿದರೇ ಗೊತ್ತಾಗುತ್ತದೆ. ಅದು ಎಸ್ಕೇಪ್ ಅಕ್ಷರ, ನಂಬರ್ 27, ಯಾರೂ ಓದದೆ ಹಾಗೆಯೇ ತೆರೆ ಮೇಲೆ ಬಿದ್ದಿದೆ. ಅದರಿಂದ ಶುರುವಾಗುವ [31ಎಮ್ ಕೆಂಪಿಗೆ, [0ಎಮ್ ಮಾಮೂಲು ಬಣ್ಣಕ್ಕೆ. ವಿಂಡೋಸ್ 10ಕ್ಕೆ ಈ ಎಸ್ಕೇಪ್ ಕೋಡ್ ಅರ್ಥವಾಗುತ್ತದೆ, ಆದರೆ ಮೊದಲು ಆನ್ ಮಾಡಬೇಕು. ಗೆಟ್‌ಕನ್ಸೋಲ್‌ಮೋಡ್ ಕೊಟ್ಟ ಬೆಲೆಗೆ 4 ಅನ್ನು ಆರ್ (OR) ಮಾಡಿ, ಅಂದರೆ ಆ ಬಿಟ್ ಸೇರಿಸಿ, ಸೆಟ್‌ಕನ್ಸೋಲ್‌ಮೋಡ್‌ಗೆ ಕೊಡಿ. ಎಸ್ಕೇಪ್ ಕೋಡ್ ಓದು ಅನ್ನುವ ಸ್ವಿಚ್, ವರ್ಚುವಲ್ ಟರ್ಮಿನಲ್ ಫ್ಲಾಗ್ ಅದೇ.

ಶಿರಸಿ_ಹುಡುಗ:
ಅದೆಲ್ಲ ಮೊದಲೇ ಹಾಕಿದ್ದೇನೆ. ಏನೂ ಬದಲಾಗಿಲ್ಲ.

ಬಿಟ್_ಬಸವ:
ಹಾಗಾದರೆ ಹ್ಯಾಂಡಲ್ ನೋಡಿ, ಅಂದರೆ ಕನ್ಸೋಲ್‌ನ ಯಾವ ಕಡೆ ಅಂತ ಹೇಳುವ ಗುರುತು. ಔಟ್‌ಪುಟ್‌ಗೆ -11, ಇನ್‌ಪುಟ್‌ಗೆ -10. ಇನ್‌ಪುಟ್ ಹ್ಯಾಂಡಲ್ ಮೇಲೆ 4 ಹಾಕಿದರೆ ಅದು ಟೈಪ್ ಮಾಡಿದ್ದನ್ನು ತೆರೆ ಮೇಲೆ ತೋರಿಸುವ ಎಕೋ ಫ್ಲಾಗ್ ಆಗುತ್ತದೆ, ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ.

ಶಿರಸಿ_ಹುಡುಗ:
-11 ಇದೆ ಸಾರ್.

ಲ್ಯಾಬ್_ಮೇಷ್ಟ್ರು:
ಇಷ್ಟೆಲ್ಲ ಯಾಕೆ? ಕೊನಿಯೋ ಹೆಡರ್ ಸೇರಿಸಿ ಟೆಕ್ಸ್ಟ್‌ಕಲರ್ ಅಂತ ಬರೆದರೆ ಮುಗಿಯಿತು. ನಮ್ಮ ಕಾಲೇಜಿನಲ್ಲಿ ಹಳೇ ಟರ್ಬೊ ಸಿ ಕಂಪೈಲರ್ ಮೇಲೆ ಈಗಲೂ ಅದನ್ನೇ ಹೇಳಿಕೊಡುತ್ತೇವೆ.

ಬಿಟ್_ಬಸವ:
ಮೇಷ್ಟ್ರೇ, ಅದು ಟರ್ಬೊ ಸಿ ಮಾಡಿದ ಬೋರ್ಲ್ಯಾಂಡ್ ಕಂಪನಿಯ ಲೈಬ್ರರಿ. ವಿಂಡೋಸ್‌ನ ಮಿಂಗ್‌ಡಬ್ಲ್ಯು ಕಂಪೈಲರ್‌ನ ಕೊನಿಯೋದಲ್ಲಿ ಆ ಫಂಕ್ಷನ್ ಇಲ್ಲ. ಟರ್ಬೊ ಸಿಯಲ್ಲೂ ಬಣ್ಣ ಬರುವುದು ಸಿಪ್ರಿಂಟ್ಎಫ್‌ಗೆ ಮಾತ್ರ, ಪ್ರಿಂಟ್ಎಫ್‌ಗೆ ಬರುವುದಿಲ್ಲ. ಹುಡುಗರಿಗೆ ಅದನ್ನೂ ಹೇಳಿ.

ಲ್ಯಾಬ್_ಮೇಷ್ಟ್ರು:
ಹೇಳಿಯೇ ಕಲಿಸುತ್ತೇವೆ. ಅಡಿಪಾಯ ಗಟ್ಟಿ ಆಗುವುದು ಅಲ್ಲಿಂದಲೇ. ಸಿಲಬಸ್ ನಾನು ಬರೆದದ್ದಲ್ಲ.

ಟಿಮಕ್ಸ್_ತಿಪ್ಪೇಶ:
ಲಿನಕ್ಸ್‌ಗೆ ಬಂದುಬಿಡಿ, ಈ ಗೋಳೇ ಇಲ್ಲ. ನನ್ನ ಟರ್ಮಿನಲ್‌ನಲ್ಲಿ 256 ಬಣ್ಣ ದಾಟಿ 38;2 ಕೊಟ್ಟು ಕೆಂಪು, ಹಸಿರು, ನೀಲಿ ಮೂರೂ ಬೇಕಾದ ಪ್ರಮಾಣದಲ್ಲಿ ಹಾಕುತ್ತೇನೆ. ಒಂದೇ ಟರ್ಮಿನಲ್ ಅನ್ನು ಹಲವು ಭಾಗ ಮಾಡುವ ಟಿಮಕ್ಸ್‌ನ ಕೆಳಗಿನ ಪಟ್ಟಿಯಲ್ಲಿ ಬ್ಯಾಟರಿ, ಗಿಟ್ ಬ್ರಾಂಚ್, ಗಡಿಯಾರ ಎಲ್ಲಕ್ಕೂ ಬೇರೆ ಬೇರೆ ಬಣ್ಣ, ವಿಮ್ ಎಡಿಟರ್‌ಗೂ ಅದೇ ಥೀಮ್. ಫೋಟೋ ಬೇಕಾದರೆ ಹಾಕುತ್ತೇನೆ.

ಶಿರಸಿ_ಹುಡುಗ:
ಲಿನಕ್ಸ್ ಬೇಡ. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮೇಲೆಯೇ ಚೆನ್ನಾಗಿ ಬರುತ್ತದೆ. ಮಾವನ ಅಂಗಡಿ ಕಂಪ್ಯೂಟರ್‌ನಲ್ಲಿ ಮಾತ್ರ ಹೀಗೆ.

ಕರಾವಳಿ_ಕರ್ಸರ್:
ಅಯ್ಯೋ, ಎರಡು ಕಂಪ್ಯೂಟರ್ ಇವೆಯಾ! ಇದು ಮೊದಲೇ ಬೇಕಿತ್ತು. ಅಂಗಡಿಯದರಲ್ಲಿ ಸೆಟ್‌ಕನ್ಸೋಲ್‌ಮೋಡ್ ಏನು ವಾಪಸ್ ಕೊಡುತ್ತಿದೆ? ಸೊನ್ನೆ ಬಂದರೆ ಕೆಲಸ ಆಗಿಲ್ಲ ಅಂತ, ತಕ್ಷಣ ಗೆಟ್‌ಲಾಸ್ಟ್‌ಎರರ್ ಪ್ರಿಂಟ್ ಮಾಡಿ. ಈ ಬೆಲೆ ನೋಡದೆ ಫ್ಲಾಗ್ ಹಾಕಿದ್ದೇನೆ ಅಂದರೆ ಪ್ರಯೋಜನ ಇಲ್ಲ.

ಶಿರಸಿ_ಹುಡುಗ:
ಸೊನ್ನೆ. ಎರರ್ 87.

ಬಿಟ್_ಬಸವ:
ಹಾಗಾದರೆ ಆರ್ ಮಾಡುವಲ್ಲೇ ಏನೋ ತಪ್ಪಿದೆ, ಆ ಸಾಲು ಹಾಕಿ ನೋಡೋಣ.

ಕರಾವಳಿ_ಕರ್ಸರ್:
ಬಸವಣ್ಣ, ಫ್ಲಾಗ್ ವಿಷಯ ಬಿಡಿ. ಅದೇ ಪ್ರೋಗ್ರಾಮ್ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿದೆ ಅಲ್ವಾ. 87 ಅಂದರೆ ಕೊಟ್ಟ ಬೆಲೆ ನನಗೆ ಗೊತ್ತಿಲ್ಲ ಅಂತ ಕನ್ಸೋಲ್ ಹೇಳುತ್ತಿದೆ. ಒಂದೋ ಹಳೇ ವಿಂಡೋಸ್, ಇಲ್ಲವೇ ಲೆಗಸಿ ಮೋಡ್, ಅಂದರೆ ಕನ್ಸೋಲ್ ಹಳೇ ರೀತಿಯಲ್ಲೇ ಓಡುವುದು. ಕಪ್ಪು ವಿಂಡೋದ ಟೈಟಲ್ ಪಟ್ಟಿ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಆಪ್ಷನ್ಸ್. ಅಲ್ಲಿ ಲೆಗಸಿ ಕನ್ಸೋಲ್ ಬಳಸು ಅನ್ನುವ ಚೌಕಕ್ಕೆ ಟಿಕ್ ಇದೆಯಾ?

ಶಿರಸಿ_ಹುಡುಗ:
ವಿಂಡೋಸ್ 10. ಟಿಕ್ ಇದೆ! ಆದರೆ ತೆಗೆಯಲು ಮಾವ ಬಿಡುವುದಿಲ್ಲ. ಹಳೇ ಡಾಸ್ ಬಿಲ್ಲಿಂಗ್ ಅದರಲ್ಲೇ ಓಡುತ್ತಿದೆ, ಹಾಕಿಕೊಟ್ಟವರು ಏನೂ ಮುಟ್ಟಬೇಡಿ ಅಂದಿದ್ದಾರಂತೆ.

ಕರಾವಳಿ_ಕರ್ಸರ್:
ಮುಟ್ಟಬೇಡಿ, ಅಂಗಡಿ ನಡೆಯುವುದು ಬಿಲ್ಲಿಂಗ್‌ನಿಂದ. ಎಸ್ಕೇಪ್ ಕೋಡ್ ಕೈಬಿಟ್ಟು ಸೆಟ್‌ಕನ್ಸೋಲ್‌ಟೆಕ್ಸ್ಟ್‌ಆಟ್ರಿಬ್ಯೂಟ್ ಬಳಸಿ, ಎರಡೂ ಕಡೆ ಓಡುತ್ತದೆ. ಇಲ್ಲಿನ ನಂಬರ್ ಬೇರೆ: ನೀಲಿ 1, ಹಸಿರು 2, ಕೆಂಪು 4, ಹೊಳಪಿಗೆ 8 ಕೂಡಿಸಿ. ಕಪ್ಪು ತೆರೆ ಮೇಲೆ ಬರೀ 4 ಮಂಕಾಗಿ ಕಾಣುತ್ತದೆ, 12 ಹಾಕಿ. ಶುರುವಿನಲ್ಲೇ ಗೆಟ್‌ಕನ್ಸೋಲ್‌ಸ್ಕ್ರೀನ್‌ಬಫರ್‌ಇನ್ಫೋದಿಂದ ಹಳೇ ಬಣ್ಣ ತೆಗೆದಿಟ್ಟುಕೊಳ್ಳಿ, ಸಾಲು ಮುಗಿದ ಮೇಲೆ ಅದನ್ನೇ ವಾಪಸ್ ಕೊಡಿ. ಸುಮ್ನೆ 7 (ಮಾಮೂಲು ಬೂದು) ಬರೆದರೆ ಅವರ ಕನ್ಸೋಲ್ ಬಣ್ಣ ಬೇರೆ ಇದ್ದಾಗ ಕೆಡುತ್ತದೆ. ಬಣ್ಣ ಬದಲಿಸುವ ಮೊದಲು ಪ್ರತಿ ಸಲ ಎಫ್‌ಫ್ಲಶ್ ಮಾಡಿ, ಕಾಯುತ್ತಿರುವ ಅಕ್ಷರಗಳೆಲ್ಲ ತೆರೆಗೆ ಹೋಗುತ್ತವೆ. ಇಲ್ಲದಿದ್ದರೆ ಬಫರ್‌ನಲ್ಲಿ ಉಳಿದ ಅಕ್ಷರಗಳಿಗೆ ಮುಂದಿನ ಸಾಲಿನ ಬಣ್ಣ ಹತ್ತಬಹುದು.

ಶಿರಸಿ_ಹುಡುಗ:
ಬಂತು! ಅಡಿಕೆ ಚೀಲ, ತಂತಿ, ಪೈಪ್ ಮೂರೂ ಸಾಲು ಕೆಂಪಾಗಿವೆ. ತುಂಬಾ ಥ್ಯಾಂಕ್ಸ್.

ಲ್ಯಾಬ್_ಮೇಷ್ಟ್ರು:
ಆ ಸಾಲುಗಳ ಮುಂದೆ ಒಂದು ನಕ್ಷತ್ರವನ್ನೂ ಹಾಕಿ. ಕೆಂಪು, ಹಸಿರು ಗುರುತು ಸಿಗದವರು ನನ್ನ ಕ್ಲಾಸಿನಲ್ಲೇ ಇದ್ದಾರೆ, ಕಪ್ಪು ಬಿಳುಪು ಪ್ರಿಂಟ್‌ನಲ್ಲೂ ಬಣ್ಣ ಉಳಿಯುವುದಿಲ್ಲ.

ಟಿಮಕ್ಸ್_ತಿಪ್ಪೇಶ:
ಫೋಟೋ ಹಾಕಿದ್ದೇನೆ. ಬಲಗಡೆ ಕಾಣುವ ಕಿತ್ತಳೆ 38;5;208.