ಗಾಳಿ ತುಂಬುವ ಕಯಾಕ್‌ನಲ್ಲಿ ಗಾಳ ಹಾಕೋದು: ಯಾವುದು ತಗೋಬೇಕು, ಹೇಗೆ ಬಳಸಬೇಕು?

ಹಿನ್ನೀರು_ಹುಚ್ಚ:
ಬೆಂಗಳೂರಲ್ಲಿ ಮೂರನೇ ಮಹಡಿ ಫ್ಲಾಟು, ಹ್ಯಾಚ್‌ಬ್ಯಾಕ್ ಕಾರು. ಗಟ್ಟಿ ಪ್ಲಾಸ್ಟಿಕ್ ಕಯಾಕ್ ಇಡೋಕೂ ಜಾಗ ಇಲ್ಲ, ಕಾರಿನ ಮೇಲೆ ಕಟ್ಟೋಕೂ ಆಗಲ್ಲ. ಹಾಗಾಗಿ ಗಾಳಿ ತುಂಬೋದೇ ಗತಿ. ನನ್ನ ತೂಕ 78 ಕೆ.ಜಿ., ಗಾಳ, ಪೆಟ್ಟಿಗೆ, ನೀರು, ಬುತ್ತಿ ಎಲ್ಲಾ ಸೇರಿ 12 ಕೆ.ಜಿ. ಒಬ್ಬನೇ ಹೋಗೋದು, ನಿಂತ ನೀರಲ್ಲಿ ಮಾತ್ರ. ಕೊರವ, ಜಿಲೇಬಿ, ಸಿಕ್ಕರೆ ಕಾಟ್ಲಾ.

ಒಂದಾಳಿನ ಚಿಕ್ಕದು ಸಾಕಾ, ಇಬ್ಬರದು ಬೇಕಾ? ಡ್ರಾಪ್‌ಸ್ಟಿಚ್ ಅಂತಾರಲ್ಲ, ಅದಕ್ಕೆ ಕೊಡೋ ದುಡ್ಡು ದಂಡ ಅಲ್ವಾ? ಗಾಳದ ಕೊಕ್ಕೆ ಚುಚ್ಚಿ ನಡುನೀರಲ್ಲಿ ಬಲೂನಿನ ಥರ ಢಮಾರ್ ಅನ್ನತ್ತಾ? ಇದನ್ನೇ ಮನೇಲಿ ದಿನಾ ಕೇಳ್ತಿದಾರೆ.

ಗಾಳಪುರಾಣ:
ಕೊನೆಯದಕ್ಕೆ ಮೊದಲು ಉತ್ತರ: ಢಮಾರ್ ಅನ್ನಲ್ಲ. ಪಕ್ಕದ ಕೊಳವೆಗಳ ಒಳಗಿನ ಒತ್ತಡ ಕಾರಿನ ಟಯರಿನ ಹತ್ತನೇ ಒಂದು ಭಾಗವೂ ಇರಲ್ಲ. ಕೊಕ್ಕೆ ಚುಚ್ಚಿದರೆ ಸುಯ್ ಅಂತ ಇಳಿಯತ್ತೆ, ಅಷ್ಟರಲ್ಲಿ ದಡ ಸೇರಬಹುದು. ಎಡ, ಬಲ, ತಳ ಅಂತ ಕನಿಷ್ಠ ಮೂರು ಬೇರೆ ಬೇರೆ ಗಾಳಿ ಕೋಣೆ ಇರತ್ತೆ. ಒಂದು ಪೂರ್ತಿ ಹೋದರೆ ದೋಣಿ ಒಂದು ಕಡೆ ವಾಲತ್ತೆ, ಮುಳುಗಲ್ಲ. ಮೂರಕ್ಕಿಂತ ಕಡಿಮೆ ಕೋಣೆ ಇದ್ದರೆ ಅದು ಈಜುಕೊಳದ ಆಟಿಕೆ, ಆ ಕಡೆ ನೋಡಬೇಡಿ.

ಈಗ ಅಳತೆ. ಪೆಟ್ಟಿಗೆ ಮೇಲೆ ಬರೆದಿರೋ ಭಾರದಲ್ಲಿ 60–65% ಮಾತ್ರ ನಿಮ್ಮದು ಅಂತ ಲೆಕ್ಕ ಹಾಕಿ. ಅದಕ್ಕಿಂತ ಹೆಚ್ಚಾದರೆ ತಳ ಬಗ್ಗಿ ಬಾಳೆಹಣ್ಣಿನ ಆಕಾರಕ್ಕೆ ಬರತ್ತೆ, ಹುಟ್ಟು ಎಷ್ಟು ಹಾಕಿದರೂ ಮುಂದೆ ಹೋಗಲ್ಲ. ನಿಮ್ಮದು 90 ಕೆ.ಜಿ. ಇಂಟೆಕ್ಸ್ ಚಾಲೆಂಜರ್ ಕೆ1ಗೆ 100 ಕೆ.ಜಿ. ಮಿತಿ, ಅಗಲ 76 ಸೆಂ.ಮೀ., ಆಗಲ್ಲ. ಅದೇ ಕಂಪನಿಯ ಎಕ್ಸ್‌ಪ್ಲೋರರ್ ಕೆ2 312 ಸೆಂ.ಮೀ. ಉದ್ದ, 91 ಅಗಲ, 180 ಕೆ.ಜಿ. ಮಿತಿ. ಎಕ್ಸ್‌ಕರ್ಷನ್ ಪ್ರೊ ಕೆ2 384 ಉದ್ದ, 94 ಅಗಲ, ಅದಕ್ಕೂ 180 ಕೆ.ಜಿ. ಅಂದರೆ ನಿಮಗೆ ಬೇಕಾದ್ದು ಇಬ್ಬರ ದೋಣಿ, ಹಿಂದಿನ ಸೀಟು ಕಿತ್ತು ಮುಂದಿನದನ್ನ ಮಧ್ಯಕ್ಕಿಂತ ಸ್ವಲ್ಪ ಹಿಂದೆ ಕೂರಿಸಿಕೊಂಡು. ಇದನ್ನೇ ನಂಬಿಕೊಂಡು ಇಬ್ಬರು ದೊಡ್ಡವರು ಗಾಳದ ಸಾಮಾನು ಸಮೇತ ಹತ್ತಿದರೆ 165 ಕೆ.ಜಿ. ದಾಟತ್ತೆ. ಕಾಗದದ ಮೇಲೆ ಸರಿ, ನೀರಿನ ಮೇಲೆ ತಪ್ಪು.

ಎರಡರಲ್ಲಿ ಯಾವುದು? ಎಕ್ಸ್‌ಪ್ಲೋರರ್ ಅಗ್ಗ, ಬರೀ ತೆಳು ವಿನೈಲ್. ನಮ್ಮ ಕೆರೆ-ಹಿನ್ನೀರಿನ ದಡಕ್ಕೆ ಅದು ಸಾಲದು ಅಂತ ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಜಾಗದಲ್ಲೆಲ್ಲ ಬಳ್ಳಾರಿ ಜಾಲಿ ಎದ್ದಿರತ್ತೆ, ಮಳೆ ಬಂದು ನೀರು ಏರಿದಾಗ ಆ ಮುಳ್ಳೆಲ್ಲ ನೀರೊಳಗೇ ಇರತ್ತೆ. ಮುಳ್ಳು ತಪ್ಪಿದರೆ ಒಡೆದ ಬಿಯರ್ ಬಾಟಲಿ. ಎಕ್ಸ್‌ಕರ್ಷನ್ ಪ್ರೊ ಥರ ಮೂರು ಪದರದ ಲ್ಯಾಮಿನೇಟ್ ಪಿವಿಸಿ ಇರೋದನ್ನ ತಗೊಳ್ಳಿ. ಮಧ್ಯದ ಪದರ ಪಾಲಿಯೆಸ್ಟರ್ ನೇಯ್ಗೆ, ಚುಚ್ಚಿದರೂ ಉದ್ದಕ್ಕೆ ಹರಿಯಲ್ಲ.

ಡ್ರಾಪ್‌ಸ್ಟಿಚ್ ದಂಡ ಅಲ್ಲ. ಮೇಲಿನ ಪದರ, ಕೆಳಗಿನ ಪದರದ ನಡುವೆ ಸಾವಿರಾರು ದಾರ ಹೊಲಿದಿರತ್ತೆ, ಹಾಗಾಗಿ 8–10 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ತುಂಬಿದರೂ ಉಬ್ಬದೆ ಹಲಗೆ ಥರ ಚಪ್ಪಟೆ ನಿಲ್ಲತ್ತೆ. ತಳ ಮಾತ್ರ ಡ್ರಾಪ್‌ಸ್ಟಿಚ್, ಪಕ್ಕ ಮಾಮೂಲಿ ಕೊಳವೆ ಇರೋ ಮಾದರಿ ಗಾಳಕ್ಕೆ ಹೇಳಿ ಮಾಡಿಸಿದ್ದು. ಸಾಮಾನು ಪೆಟ್ಟಿಗೆ ಅಲುಗಾಡಲ್ಲ, ಬೆನ್ನು ನೋಯಲ್ಲ. ಅಗಲ 90ಕ್ಕಿಂತ ಹೆಚ್ಚಿದ್ದರೆ ನಿಂತು ಎಸೆಯೋಕೂ ಬರತ್ತೆ. ಬರೀ ಗಾಳಿ ಹಾಸಿಗೆ ಥರದ ತಳದಲ್ಲಿ ಮಾತ್ರ ನಿಲ್ಲೋ ಸಾಹಸ ಬೇಡ.

ಗಾಳ ಸಿಕ್ಕಿಸೋ ಕೊಳವೆ ಎಷ್ಟಿದೆ ಅಂತ ಎಣಿಸಿ ದೋಣಿ ಆರಿಸಬೇಡಿ. ಅದನ್ನ ಆಮೇಲೆ ಅಂಟಿಸಬಹುದು, ಬಟ್ಟೆಯ ದಪ್ಪ ಆಮೇಲೆ ಹೆಚ್ಚಿಸೋಕೆ ಆಗಲ್ಲ.

ಜೊತೆಗೆ ಬರೋ ಹುಟ್ಟು ಹೆಚ್ಚಾಗಿ 218 ಸೆಂ.ಮೀ. 90ರ ಮೇಲಿನ ಅಗಲಕ್ಕೆ ಗಿಡ್ಡ, ಪ್ರತಿ ಸಲ ಗೆಣ್ಣು ಕೊಳವೆಗೆ ಉಜ್ಜತ್ತೆ, ನೀರು ಮಡಿಲಿಗೆ ಬೀಳತ್ತೆ. 230–240 ತಗೊಳ್ಳಿ. ಲೈಫ್ ಜಾಕೆಟ್ ಬಗ್ಗೆ ವಾದ ಬೇಡ: ಈಜು ಬಂದರೂ ತೇಲಿಸೋ ಬಲ 50 ನ್ಯೂಟನ್ ಕನಿಷ್ಠ, ಮೈಮೇಲೇ ಇರಬೇಕು, ಸೀಟಿನ ಹಿಂದೆ ಅಲ್ಲ.

ಪಂಪ್‌ಶೆಟ್ರು:
ಮೇಲಿನ ಉತ್ತರಕ್ಕೆ ನನ್ನ ಸಹಿ. ಗಾಳಿ ತುಂಬೋದರ ಬಗ್ಗೆ ಒಂದಿಷ್ಟು, ಯಾಕಂದ್ರೆ ದೋಣಿ ಹಾಳಾಗೋದು ಮುಳ್ಳಿಗಿಂತ ಹೆಚ್ಚು ಇಲ್ಲೇ.

ಪೆಟ್ರೋಲ್ ಬಂಕಿನ ಗಾಳಿ, ಟಯರ್ ಕಂಪ್ರೆಸರ್ ಎರಡೂ ಬೇಡ. ಅವುಗಳ ಮೀಟರಿನಲ್ಲಿ 1–2 ಪಿಎಸ್‌ಐ ಕಾಣೋದೇ ಇಲ್ಲ, ಮುಳ್ಳು ಅಲುಗೋ ಹೊತ್ತಿಗೆ ಹೊಲಿಗೆ ಬಿಟ್ಟಿರತ್ತೆ. ಎರಡೂ ದಿಕ್ಕಿಗೆ ಗಾಳಿ ತಳ್ಳುವ ಕೈಪಂಪು, ಅದಕ್ಕೆ ಕಡಿಮೆ ಒತ್ತಡದ ಮೀಟರು ಸಾಕು. 12 ವೋಲ್ಟಿನ ಪಂಪು ಬೇಕಿದ್ದರೆ ಪ್ಯಾಡಲ್‌ಬೋರ್ಡಿಗೆ ಅಂತ ಬರೋದು, ಒತ್ತಡ ನಮೂದಿಸಿದರೆ ತಾನೇ ನಿಲ್ಲುವಂಥದ್ದು. ಅದು 8–10 ಆಂಪಿಯರ್ ಎಳೆಯತ್ತೆ, ಕಾರು ಸ್ಟಾರ್ಟ್ ಮಾಡಿಕೊಂಡೇ ಹಾಕಿ.

ಎಷ್ಟು ತುಂಬಬೇಕು? ವಾಲ್ವಿನ ಪಕ್ಕದಲ್ಲಿ ಅಚ್ಚಾಗಿರೋ ಅಂಕಿ, ಅಚ್ಚಾಗಿರೋ ಕ್ರಮ. ಪಕ್ಕದ ಕೊಳವೆಗೂ ತಳಕ್ಕೂ ಅಂಕಿ ಬೇರೆ ಬೇರೆ, ತಳದ 8 ನೋಡಿ ಪಕ್ಕಕ್ಕೂ 8 ತುಂಬಿದರೆ ಮುಗೀತು ಕಥೆ.

ಬಿಸಿಲಿನ ಲೆಕ್ಕ ನೋಡಿ. ಬೆಳಗ್ಗೆ 20 ಡಿಗ್ರಿಯಲ್ಲಿ 2 ಪಿಎಸ್‌ಐ ತುಂಬಿ, ದಡಕ್ಕೆ ಎಳೆದು ಬಿಟ್ಟು ಊಟಕ್ಕೆ ಕೂತಿರಿ ಅನ್ನಿ. ಕಪ್ಪು ಅಥವಾ ಕಡು ಬಣ್ಣದ ಕೊಳವೆ ಬಿಸಿಲಲ್ಲಿ 50 ಡಿಗ್ರಿ ಮುಟ್ಟಿದರೆ ಒಳಗಿನ ಗಾಳಿಯ ಒಟ್ಟು ಒತ್ತಡ 10% ಏರತ್ತೆ. ಒಟ್ಟು ಅಂದರೆ ಹೊರಗಿನ ವಾತಾವರಣವನ್ನೂ ಸೇರಿಸಿ. ಬೆಂಗಳೂರಿನ 900 ಮೀಟರ್ ಎತ್ತರದಲ್ಲಿ ಅದು ಸುಮಾರು 13.2 ಪಿಎಸ್‌ಐ. 15.2ರ 10% ಅಂದರೆ 1.5. ಹಾಗಾಗಿ ನಿಮ್ಮ 2 ಈಗ 3.5 ಆಗಿರತ್ತೆ, ಮುಕ್ಕಾಲು ಪಾಲು ಹೆಚ್ಚು. ತಳದ 8 ಏರೋದು 10ರ ಆಸುಪಾಸಿಗೆ, ಕಾಲು ಪಾಲು ಮಾತ್ರ. ಕಡಿಮೆ ಒತ್ತಡದ ಕೊಳವೆಗೇ ಬಿಸಿಲಿನ ಅಪಾಯ ಜಾಸ್ತಿ ಅನ್ನೋದು ಬಹಳ ಜನಕ್ಕೆ ಹೊಳೆಯಲ್ಲ. ದಡಕ್ಕೆ ಬಂದ ತಕ್ಷಣ ಪಕ್ಕದ ಕೊಳವೆಗಳಿಂದ ಸ್ವಲ್ಪ ಗಾಳಿ ಬಿಡಿ, ಇಲ್ಲ ನೀರಲ್ಲೇ ತೇಲೋಕೆ ಬಿಡಿ.

ಉಲ್ಟಾ ಕೂಡ ಆಗತ್ತೆ. ಬಿಸಿ ಗಾಳಿ ತುಂಬಿ ತಣ್ಣೀರಿಗೆ ಇಳಿಸಿದರೆ ಹತ್ತು ನಿಮಿಷದಲ್ಲಿ ಮೆತ್ತಗಾಗತ್ತೆ. ಅದು ತೂತಲ್ಲ, ಗಾಬರಿ ಬೇಡ. ನೀರಿಗಿಳಿಸಿ ಹತ್ತು ನಿಮಿಷ ಬಿಟ್ಟು ನಾಲ್ಕು ಪಂಪು ಹೊಡೆದು ಹೊರಡಿ.

ವಾಲ್ವು: ನಡುವೆ ಸ್ಪ್ರಿಂಗಿನ ಕಡ್ಡಿ ಇರೋ ಮಾದರಿಯಾದರೆ ಕಡ್ಡಿ ಒತ್ತಿ ತಿರುಗಿಸಿದಾಗ ಮೇಲೆ ಬಂದು ನಿಂತಿರಬೇಕು. ಕೆಳಗೇ ಕಚ್ಚಿಕೊಂಡಿದ್ದರೆ, ಪೈಪು ಕಿತ್ತ ಕ್ಷಣ ತುಂಬಿದ್ದೆಲ್ಲ ಬುಸ್. ಬಾಸ್ಟನ್ ವಾಲ್ವಾದರೆ ಒಳಗಿನ ರಬ್ಬರ್ ನಾಲಿಗೆ ಅಡಿ ಒಂದು ಮರಳಿನ ಕಣ ಕೂತರೂ ಸಾಕು, ಸಂಜೆ ಹೊತ್ತಿಗೆ ಅರ್ಧ ಇಳಿದಿರತ್ತೆ. ತೂತು ಹುಡುಕೋ ಮೊದಲು ವಾಲ್ವು ಒರೆಸಿ.

ತೆಪ್ಪ_ತಂಗೂಸಿ:
ಕಯಾಕ್ ಕೊಂಡ ಎಲ್ಲರಿಗೂ ಮೊದಲ ದಿನ ಗೊತ್ತಾಗೋ ಸತ್ಯ: ಇದು ನೀರಿನ ಮೇಲೆ ಎಲೆ. ಹರಿಗೋಲಿನ ಹಾಗೆ ತಿರುಗತ್ತೆ, ಗಾಳಿ ಬೀಸಿದ ಕಡೆ ಹೋಗತ್ತೆ. ಹಿಂದೆ ತಳದಲ್ಲಿ ಹಾಕೋ ರೆಕ್ಕೆ ಮರೆತರಂತೂ ನೆಟ್ಟಗೆ ಹೋಗೋದೇ ಇಲ್ಲ. ಆದರೆ ಅಂತರಗಂಗೆ ಇರೋ ಜಾಗದಲ್ಲಿ, ತಂಗೂಸಿ ಬಲೆ ಬಿಟ್ಟಿರೋ ಜಾಗದಲ್ಲಿ ಅದೇ ರೆಕ್ಕೆ ಸಿಕ್ಕಿಹಾಕಿಕೊಳ್ಳತ್ತೆ. ಸಾಲಾಗಿ ಥರ್ಮಾಕೋಲ್ ತುಂಡು, ನೀರಿನ ಬಾಟಲಿ ತೇಲ್ತಿದ್ದರೆ ಅದು ಬಲೆ. ಸುತ್ತಿಕೊಂಡೇ ಹೋಗಿ, ಅದರ ಮೇಲೆ ಒಬ್ಬರ ಅನ್ನ ಇದೆ.

ಹೋಗುವಾಗ ಗಾಳಿಗೆ ಎದುರು, ಬರುವಾಗ ಗಾಳಿ ಬೆನ್ನಿಗೆ. ಅಲೆ ತುದಿಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಕಂಡರೆ ಗಾಳಿ ಗಂಟೆಗೆ 15 ಕಿ.ಮೀ. ಆಸುಪಾಸು ಇದೆ ಅಂತ, ವಾಪಸ್ ಹೊರಡಿ. ಜೂನ್‌ನಿಂದ ಸೆಪ್ಟೆಂಬರ್ ಪಶ್ಚಿಮದ ಗಾಳಿ ಬಿಡುವಿಲ್ಲದೆ ಬೀಸತ್ತೆ. ಏಪ್ರಿಲ್-ಮೇನಲ್ಲಿ ಬೆಳಗ್ಗೆ ಕನ್ನಡಿ ಥರ ಇರೋ ನೀರು ಮಧ್ಯಾಹ್ನದ ಮೇಲೆ ಗುಡುಗು ಮಳೆ ತರತ್ತೆ. ಕಾರ್ಬನ್ ಗಾಳದ ಕೋಲು ವಿದ್ಯುತ್ ಹರಿಸತ್ತೆ, ಬಯಲು ನೀರಿನ ನಡುವೆ ಅದನ್ನ ಎತ್ತಿ ಹಿಡಿದವರೇ ಎತ್ತರದ ವಸ್ತು. ಬೆಳಗ್ಗೆ ಆರರಿಂದ ಹತ್ತು, ಅಷ್ಟೇ.

ಲಂಗರು: 1.5 ಕೆ.ಜಿ.ಯ ಮಡಚುವ ನಾಲ್ಕು ಕೊಕ್ಕೆಯದು ಸಾಕು. ಹಗ್ಗ ಆಳದ ಮೂರು ಪಟ್ಟು, 5 ಮೀಟರ್ ನೀರಿಗೆ 15 ಮೀಟರ್. ಕಟ್ಟೋದು ಮೂತಿಗೆ ಅಥವಾ ಬಾಲಕ್ಕೆ, ಪಕ್ಕಕ್ಕೆ ಎಂದೂ ಅಲ್ಲ. ಪಕ್ಕಕ್ಕೆ ಕಟ್ಟಿದರೆ ಅಲೆ ಬಂದಾಗ ಹಗ್ಗ ಆ ಕೊಳವೆಯನ್ನ ಕೆಳಗೆ ಜಗ್ಗತ್ತೆ, ನೀರು ಒಳಗೆ.

ನಮ್ಮ ಹಿನ್ನೀರುಗಳಲ್ಲಿ ಮುಳುಗಿದ ಮರದ ಬೊಡ್ಡೆ ತುಂಬಾ, ಲಂಗರು ಕಚ್ಚಿಕೊಂಡರೆ ಬರಲ್ಲ. ಅದಕ್ಕೆ ಹಗ್ಗವನ್ನ ಲಂಗರಿನ ತಲೆಯ ಉಂಗುರಕ್ಕೆ ಕಟ್ಟಬೇಡಿ. ಬುಡದಲ್ಲಿ, ಕೊಕ್ಕೆಗಳು ಸೇರೋ ಕಡೆ ಇರೋ ತೂತಿಗೆ ಗಂಟು ಹಾಕಿ. ಹಗ್ಗವನ್ನ ದಂಡದ ಉದ್ದಕ್ಕೂ ಮೇಲೆ ತಂದು ತಲೆಯ ಉಂಗುರಕ್ಕೆ 2.5 ಮಿ.ಮೀ. ಅಗಲದ ಒಂದೇ ಒಂದು ಕೇಬಲ್ ಟೈ ಹಾಕಿ. ಅದು ಸುಮಾರು 8 ಕೆ.ಜಿ. ಎಳೆತ ತಡೆಯತ್ತೆ, ಮಾಮೂಲಿ ಗಾಳಿಗೆ ಸಾಕು. ಲಂಗರು ಕಚ್ಚಿದಾಗ ಅದರ ನೇರ ಮೇಲೆ ಬಂದು ಜೋರಾಗಿ ಜಗ್ಗಿದರೆ ಟೈ ಪಟ್ ಅಂತ ಹರಿಯತ್ತೆ, ಎಳೆತ ಬುಡಕ್ಕೆ ಹೋಗತ್ತೆ, ಕೊಕ್ಕೆ ಹಿಂದಿನಿಂದ ಬಿಡಿಸಿಕೊಂಡು ಬರತ್ತೆ. ಕಿಸೆಯಲ್ಲಿ ಹತ್ತು ಟೈ ಇಟ್ಟುಕೊಳ್ಳಿ. ಬರದೇ ಹೋದರೆ ಹಗ್ಗ ಕೊಯ್ದುಬಿಡಿ, ಚಾಕು ಜಾಕೆಟ್ಟಿನ ಮೇಲೇ ಇರಲಿ, ಒರೆಯೊಳಗೆ.

ಹಿನ್ನೀರು_ಹುಚ್ಚ:
ಕೇಬಲ್ ಟೈ ಐಡಿಯಾಗೆ ಒಂದು ನಮಸ್ಕಾರ. ಇನ್ನೆರಡು: ಮೀನು ಒಳಗೆ ಎಳೆದುಕೊಂಡಾಗ ಮುಳ್ಳು ಚುಚ್ಚಲ್ವಾ? ಚುಚ್ಚಿದರೆ ಸೈಕಲ್ ಪಂಕ್ಚರ್ ಸಲ್ಯೂಷನ್ ನಡೆಯತ್ತಾ?

ಗಾಳಪುರಾಣ:
ಕೊರವಕ್ಕೆ ರೆಕ್ಕೆಯಲ್ಲಿ ಗಟ್ಟಿ ಮುಳ್ಳಿಲ್ಲ, ಹಲ್ಲಿದೆ. ಅದು ಬೆರಳಿಗೆ ಅಪಾಯ, ದೋಣಿಗಲ್ಲ. ಜಿಲೇಬಿಯೇ ಕಳ್ಳ: ಬೆನ್ನಿನ ರೆಕ್ಕೆ ಎಬ್ಬಿಸಿದಾಗ ಸಾಲು ಸೂಜಿ. ಮೀಸೆ ಮೀನುಗಳ ಪಕ್ಕದ ಮುಳ್ಳು ಒಮ್ಮೆ ಅಗಲಿಸಿ ಬಿಗಿಹಿಡಿದರೆ ಮಡಚಿಕೊಳ್ಳಲ್ಲ, ಮೇಲೆ ಮೊಣಕಾಲು ಬಿದ್ದರೆ ನಿಮಗೂ ಗಾಯ, ತಳಕ್ಕೂ ಗಾಯ. ಕೈಬಲೆಯಲ್ಲೇ ಎತ್ತಿ, ನೇರ ಮುಚ್ಚಳದ ಪೇಂಟ್ ಡಬ್ಬಕ್ಕೆ ಇಳಿಸಿ. ಕಾಲ ಹತ್ತಿರ ದಪ್ಪ ರಬ್ಬರ್ ಚಾಪೆ ಇರಲಿ. ಕೊಕ್ಕೆಯ ಹಿಮ್ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿದರೆ ಮೀನಿಗೂ, ದೋಣಿಗೂ, ನಿಮ್ಮ ಕಿವಿಗೂ ಒಳ್ಳೇದು.

ಸೈಕಲ್ ಸಲ್ಯೂಷನ್ ರಬ್ಬರಿಗೆ, ಪಿವಿಸಿಗೆ ಹಿಡಿಯಲ್ಲ. ಥಟ್ ಅಂತ ಅಂಟೋ ಗೋಂದು ಒಣಗಿ ಗಾಜಿನ ಹಾಗಾಗತ್ತೆ, ಬಟ್ಟೆ ಮಡಚಿದ ದಿನ ಬಿರುಕು. ಪಿವಿಸಿ ದೋಣಿಗೆ ಅಂತ ಬರೋ ಗೋಂದು, ಅದೇ ಬಟ್ಟೆಯ ತುಂಡು ಬೇಕು. ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಅಂತ ನೋಡಿ ಪೆನ್ನಲ್ಲಿ ಗುರುತು ಮಾಡಿ. ಗಾಳಿ ಪೂರ್ತಿ ತೆಗೆದು ಒಣಗಿಸಿ. ತುಂಡು ತೂತಿನಿಂದ ಎಲ್ಲ ಕಡೆ 5 ಸೆಂ.ಮೀ. ಆಚೆ ಬರಬೇಕು, ಮೂಲೆ ದುಂಡಗೆ ಕತ್ತರಿಸಿ, ಚೂಪು ಮೂಲೆಯಿಂದಲೇ ಏಳೋದು. ಎರಡೂ ಕಡೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಗೋಂದು ತೆಳ್ಳಗೆ ಬಳಿದು ಹತ್ತು ನಿಮಿಷ ಬಿಡಿ, ಇನ್ನೊಂದು ಸಲ ಬಳಿದು ಬೆರಳಿಗೆ ಜಿಗುಟು ತಾಗಿದಾಗ ಒತ್ತಿ. ಚಮಚದ ಬೆನ್ನಲ್ಲಿ ನಡುವಿನಿಂದ ಹೊರಗೆ ಉಜ್ಜಿ ಗಾಳಿಗುಳ್ಳೆ ತೆಗೀರಿ. ಮೇಲೆ ಭಾರ ಇಟ್ಟು 24 ಗಂಟೆ ಪಂಪು ಮುಟ್ಟಬೇಡಿ. ಹೆಚ್ಚಿನ ತೇಪೆ ಕಿತ್ತುಬರೋದು ಆರು ಗಂಟೆಗೇ ಗಾಳಿ ತುಂಬಿ ನೋಡೋ ಚಪಲಕ್ಕೆ.

ದಡದ_ಕಾನೂನು:
ಯಾರೂ ಹೇಳದ ವಿಷಯ: ಎಲ್ಲಿ ಇಳಿಸ್ತೀರಿ? ನಗರದ ಕೆರೆಗಳು ಬಿಟ್ಟುಬಿಡಿ, ಬೆಳ್ಳಂದೂರು, ವರ್ತೂರಿನ ನೊರೆ ಬಗ್ಗೆ ನಾನೇನು ಹೇಳಲಿ. ತಿಪ್ಪಗೊಂಡನಹಳ್ಳಿ ಕುಡಿಯೋ ನೀರಿನ ಜಲಾಶಯ, ಕೈಹಾಕಬೇಡಿ. ಮಂಚನಬೆಲೆಯಲ್ಲಿ ಮುಳುಗಿ ಸತ್ತವರು ಬಹಳ, ಬೋರ್ಡ್ ನೋಡಿ ಗೌರವ ಕೊಡಿ. ಭೀಮೇಶ್ವರಿ, ಗಾಳಿಬೋರೆ ಕಡೆ ಕಾವೇರಿ ವನ್ಯಜೀವಿಧಾಮ, ಅಲ್ಲಿ ಸ್ವಂತ ದೋಣಿ, ಗಾಳ ಎರಡೂ ಬೇಡ. ಆ ನೀರಿನ ಕಿತ್ತಳೆ ರೆಕ್ಕೆಯ ಮಹಶೀರ್ 2018ರಿಂದ ಅಳಿವಿನ ಅಂಚಿನ ಕೆಂಪು ಪಟ್ಟಿಯಲ್ಲಿದೆ. ಕಾವೇರಿ, ಕಬಿನಿಯಲ್ಲಿ ಮೊಸಳೆ ಇವೆ, ಗಾಳಿ ತುಂಬಿದ ದೋಣಿಗೆ ಅದು ಒಳ್ಳೆ ಜೊತೆಯಲ್ಲ.

ಉಳಿದ ಕೆರೆ, ಹಿನ್ನೀರುಗಳಲ್ಲಿ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆ ಅಥವಾ ಪರವಾನಗಿಯ ಮೇಲಿರತ್ತೆ. ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿ, ಗುತ್ತಿಗೆ ಹಿಡಿದವರ ಒಪ್ಪಿಗೆ ತಗೊಳ್ಳಿ. ಅಣೆಕಟ್ಟು ಇದ್ದರೆ ನೀರಾವರಿ ಇಲಾಖೆಯವರನ್ನೂ ಕೇಳಬೇಕು. ಗೋಡೆ, ತೂಬು, ಕೋಡಿ ಹತ್ತಿರ ಎಂದಿಗೂ ಹೋಗಬೇಡಿ, ತೂಬು ತೆರೆದಾಗ ಮೇಲಿನ ನೀರು ಶಾಂತವಾಗೇ ಕಾಣತ್ತೆ.

ಪಂಪ್‌ಶೆಟ್ರು:
ಫ್ಲಾಟಿನವರಿಗೆ ಕೊನೆಯದೊಂದು. ಮನೆಗೆ ತಂದ ರಾತ್ರಿ ಹಾಗೇ ಚೀಲದಲ್ಲಿ ಬಿಟ್ಟರೆ ಮೂರೇ ದಿನದಲ್ಲಿ ಬೂಷ್ಟು ವಾಸನೆ. ತಳದ ಹೊದಿಕೆ ಒಳಗೆ, ಸೀಟಿನ ಅಡಿ ನೀರು ನಿಂತಿರತ್ತೆ. ಅರ್ಧ ಗಾಳಿ ತುಂಬಿ ಬಾಲ್ಕನಿಯಲ್ಲಿ ನೆರಳಿಗೆ ನೆಟ್ಟಗೆ ನಿಲ್ಲಿಸಿ, ಒಂದು ರಾತ್ರಿ ಫ್ಯಾನ್ ಹಾಕಿ. ಮಡಚೋ ಗೆರೆ ಪ್ರತಿ ಸಲ ಬೇರೆ ಕಡೆ ಬರಲಿ. ಬೇಸ್‌ಮೆಂಟ್ ಪಾರ್ಕಿಂಗಲ್ಲಿ ಮಾತ್ರ ಇಡಬೇಡಿ. ಮೀನಿನ ವಾಸನೆ ಹಿಡಿದ ಪಿವಿಸಿ ಕಂಡರೆ ಇಲಿಗೆ ಹಬ್ಬ, ಅದು ಮಾಡೋ ತೂತು 5 ಸೆಂ.ಮೀ. ತೇಪೆಗೆ ಮುಚ್ಚಲ್ಲ.